ಚಳಿಗಾಲಕ್ಕೆ ಗನ್ನಿಸನ್ನೋ ಲೆಡ್‌ವಿಲ್ಲೋ? ಎರಡೂ ಕಡೆ ಇದ್ದು ನೋಡಿದ್ಮೇಲೆ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಬೆಟ್ಟದ ಕಡೆ ಮನೆ ಹುಡುಕೋರು ಮೊದ್ಲು ಊರಿನ ಎತ್ತರ ನೋಡ್ತಾರೆ, ಮೇಲೆ ಹೋದಷ್ಟೂ ಚಳಿ ಜಾಸ್ತಿ ಅನ್ನೋ ಲೆಕ್ಕದಲ್ಲಿ. ಲೇಕ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಲೆಡ್‌ವಿಲ್ ಸುಮಾರು 3,094 ಮೀಟರ್, ಗನ್ನಿಸನ್ ಕೌಂಟಿಯ ಗನ್ನಿಸನ್ ಊರು ಸುಮಾರು 2,350 (ಇದೇ ನಮ್ಮ ಮುಳ್ಳಯ್ಯನಗಿರಿಗಿಂತ 400 ಮೀಟರ್ ಮೇಲೆ). ಎರಡೂ ಕಡೆ ಬಾಡಿಗೆಗಿದ್ದು ಚಳಿಗಾಲ ನೋಡಿದೀನಿ, ರಾತ್ರಿ ಹೆಚ್ಚು ಕೊರೆಯೋದು ಕೆಳಗಿರೋ ಗನ್ನಿಸನ್ನೇ.

ಕಾರಣ ಕಣಿವೆ. ತಣ್ಣನೆ ಗಾಳಿ ಭಾರ ಅಲ್ವಾ, ಮೋಡ ಇಲ್ಲದ ರಾತ್ರಿ ಹಿಮ ಬಿದ್ದ ನೆಲ ಬಿಸಿಯನ್ನೆಲ್ಲಾ ಆಕಾಶಕ್ಕೆ ಬಿಟ್ಟುಬಿಡತ್ತೆ, ಸುತ್ತಲಿನ ಗುಡ್ಡದಿಂದ ತಣ್ಣನೆ ಗಾಳಿ ಇಳಿದು ಬಂದು ತಳದಲ್ಲಿ ಕೆರೆ ನೀರಿನ ಥರ ನಿಂತ್ಕೊಳ್ಳತ್ತೆ, ಗಾಳಿ ಬೀಸದಿದ್ರೆ ಅಲ್ಲಿಂದ ಕದಲೋದೇ ಇಲ್ಲ. ಜನವರಿ ರಾತ್ರಿ ಮೈನಸ್ 20 ಡಿಗ್ರಿ ಅಲ್ಲಿ ಮಾಮೂಲಿ. ಲೆಡ್‌ವಿಲ್‌ನಲ್ಲಿ ಮೈನಸ್ 15ರ ಆಸುಪಾಸು. ಗನ್ನಿಸನ್‌ನಲ್ಲಿ ಮನೆ ನೋಡೋರು ಕಾರಿಗೆ ಗ್ಯಾರೇಜ್ ಇದ್ಯಾ ಅಂತ ಮೊದ್ಲು ಕೇಳಿ, ಇಲ್ಲಾಂದ್ರೆ ಎಂಜಿನ್ ಹೀಟರ್ ಹಾಕಿಸ್ಲೇಬೇಕು.

ಆದ್ರೂ ಗನ್ನಿಸನ್ ಬಿಸಿಲು ತುಂಬಾ ಚೆನ್ನ. ವರ್ಷಕ್ಕೆ ಮಳೆ ಹಿಮ ಎಲ್ಲಾ ಸೇರಿ 25-27 ಸೆಂಟಿಮೀಟರ್ ನೀರು ಅಷ್ಟೇ, ನಮ್ಮ ಚಳ್ಳಕೆರೆ ಸೀಮೆಗಿಂತಲೂ ಎಷ್ಟೋ ಕಮ್ಮಿ, ಯಾಕಂದ್ರೆ ಬರೋ ಮೋಡಗಳು ಸುತ್ತಲ ಬೆಟ್ಟಗಳ ಮೇಲೇ ಸುರಿದು ಖಾಲಿ ಆಗಿರ್ತವೆ. ಅದೇ ಕೌಂಟಿಯ ಕ್ರೆಸ್ಟೆಡ್ ಬ್ಯೂಟ್‌ಗೆ ಹೋದ್ರೆ ಮನೆ ಕಿಟಕಿವರೆಗೂ ಹಿಮ! ಒಂದೇ ಕೌಂಟಿ, ಎರಡು ಹವಾಮಾನ.

ಒಣಗಾಳಿ ಎರಡೂ ಕಡೆ ಇದೆ. ತುಟಿ ಒಡೆಯತ್ತೆ, ಬೆಳಗ್ಗೆ ಮೂಗಲ್ಲಿ ರಕ್ತ ಬರತ್ತೆ, ಮಲಗೋ ರೂಮಲ್ಲಿ ಹ್ಯುಮಿಡಿಫೈಯರ್ ಇಡ್ಲೇಬೇಕು. ಮೈಗೆ ಕೊಬ್ಬರಿ ಎಣ್ಣೆ ಹಚ್ಕೊಳ್ಳೋದು ನಂಗಂತೂ ಲೋಷನ್‌ಗಿಂತ ಚೆನ್ನಾಗಿ ಕೆಲಸ ಮಾಡ್ತು.

ಲೆಡ್‌ವಿಲ್‌ನ ನಿಜವಾದ ಕಷ್ಟ ಚಳಿ ಅಲ್ಲ, ಉಸಿರು. ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ಕಮ್ಮಿ, ಮೊದಮೊದಲು ಮೆಟ್ಟಿಲು ಹತ್ತಿದ್ರೂ ಏದುಸಿರು, ರಾತ್ರಿ ನಿದ್ದೆ ಹರಿದು ಹರಿದು ಬರತ್ತೆ, ತಲೆನೋವು ಬೇರೆ. ನೀರು 90 ಡಿಗ್ರಿಗೇ ಕುದಿಯತ್ತೆ, ಹಾಗಾಗಿ ತೊಗರಿಬೇಳೆನ ಬರೀ ಪಾತ್ರೇಲಿ ಇಟ್ರೆ ಬೇಯೋ ಹೊತ್ತಿಗೆ ಹೊಟ್ಟೆ ಹಸಿವೇ ಸತ್ತೋಗತ್ತೆ, ಕುಕ್ಕರ್ ಬೇಕೇ ಬೇಕು. ಆದ್ರೆ ಎಲ್ಬರ್ಟ್ ಪರ್ವತ ಕಣ್ಣೆದುರಿಗೇ ಇರತ್ತೆ, 4,400 ಮೀಟರ್, ಇಡೀ ಕೊಲರಾಡೋಲಿ ಅದೇ ಎಲ್ಲಕ್ಕಿಂತ ಎತ್ತರ. ಅದನ್ನ ನೋಡ್ತಾ ಕಾಫಿ ಕುಡಿಯೋ ಬೆಳಗು ನಂಗೆ ಈಗ್ಲೂ ಬೇಕು.

ವಯಸ್ಸಲ್ಲಿರೋರು, ಎದೆ ಗಟ್ಟಿ ಇರೋರು ಲೆಡ್‌ವಿಲ್‌ಗೆ ಹೋಗಿ. ಬೆಂಗಳೂರಿಂದ ಅಪ್ಪ ಅಮ್ಮ ಬರ್ತಾರೆ ಅಂದ್ರೆ ನನ್ನ ಓಟು ಗನ್ನಿಸನ್‌ಗೇ, ಅದೂ ಎತ್ತರಕ್ಕೆ ಮೈ ಒಗ್ಗಲಿ ಅಂತ ಡೆನ್ವರ್‌ನಲ್ಲಿ ಒಂದೆರಡು ದಿನ ಉಳಿಸ್ಕೊಂಡು ಆಮೇಲೆ. ರಾತ್ರಿ ಚಳಿಗೆ ಹೀಟರು ರಜಾಯಿ ಇದೆ, ಉಸಿರಿಗೆ ಹಾಗೆ ಸುಲಭದ ದಾರಿ ಇಲ್ಲ.