ಹಳೇ ಸರ್ವರ್‌ಗೆ 32 ಜಿಬಿ ಮೆಮೊರಿ (ರ‍್ಯಾಮ್) ಸ್ಟಿಕ್‌ಗಳು: ಎರಡು ವರ್ಷ ಬಳಸಿದ ಮೇಲೆ

ಮೆಮೊರಿ ಚೆನ್ನಾಗಿದೆ. ಮಾರಿದವರ ಮಾತು ಮಾತ್ರ ಚೆನ್ನಾಗಿರಲಿಲ್ಲ. ಒಂದು ನಕ್ಷತ್ರ ಕಡಿಮೆ ಕೊಟ್ಟದ್ದು ಅದಕ್ಕೇ.

ನನ್ನದು ಎರಡು ಪ್ರೊಸೆಸರ್‌ನ ಹಳೇ ಸರ್ವರ್, ಇಂಟೆಲ್ ಜಿಯಾನ್ ಇ5-2600 ವಿ4 ಸಾಲಿನದು. 24 ಸ್ಲಾಟ್‌ಗಳಲ್ಲಿ 16 ಜಿಬಿಯ ಎಂಟು ಸ್ಟಿಕ್ ಇದ್ದವು, ಒಟ್ಟು 128 ಜಿಬಿ. ವರ್ಚುವಲ್ ಮಷೀನ್‌ಗಳು (ಒಂದೇ ಸರ್ವರ್‌ನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವವು) ಜಾಸ್ತಿಯಾಗಿ ಅದು ಸಾಲದೇ ಹೋಯಿತು. ಸರ್ವರ್ ಕಂಪನಿಯದ್ದಲ್ಲದ, ಹೊರಗಿನ ತಯಾರಿಕೆಯ 32 ಜಿಬಿ ಸ್ಟಿಕ್ ಎಂಟು ತರಿಸಿದೆ.

ಹಾಕಿ ಆನ್ ಮಾಡಿದೆ. ಫ್ಯಾನ್‌ಗಳು ಕಿರುಚಿದವು, ಪರದೆ ಕಪ್ಪು. ಮೆಮೊರಿ ಬದಲಾದಾಗ ಮೊದಲ ಸಲ ಬೂಟ್ ಆಗಲು ಕೆಲವು ನಿಮಿಷ ಹಿಡಿಯುವುದು ಸಹಜ, ಹಾಗಾಗಿ ಕಾದೆ. ಅರ್ಧ ಗಂಟೆ ಕಳೆದರೂ ಏನೂ ಇಲ್ಲ. ಹಳೆಯದನ್ನೆಲ್ಲ ತೆಗೆದು ಹೊಸದೊಂದನ್ನೇ ಮೊದಲ ಸ್ಲಾಟ್‌ಗೆ ಹಾಕಿದೆ. ಅದೇ ಕತೆ. ಎಂಟನ್ನೂ ಒಂದೊಂದಾಗಿ ನೋಡಿದೆ. ಎಂಟೂ ಒಟ್ಟಿಗೆ ಕೆಟ್ಟಿರಲು ಸಾಧ್ಯವೇ?

ಮಾರಿದವರಿಗೆ ಬರೆದರೆ, "ಡಿಡಿಆರ್4 ಅಂದರೆ ಡಿಡಿಆರ್4, ವೇಗ ತಾನಾಗಿಯೇ ಇಳಿದು ಹೊಂದಿಕೊಳ್ಳುತ್ತದೆ" ಎಂದರು. ಡಿಡಿಆರ್4 ಎಂದರೆ ಮೆಮೊರಿಯ ಒಂದು ಪೀಳಿಗೆ. ವೇಗದ ಮಟ್ಟಿಗೆ ಅವರ ಮಾತು ನಿಜ, 3200 ವೇಗದ ಸ್ಟಿಕ್ 2400ರಲ್ಲಿ ಓಡಬಲ್ಲದು. ನಮ್ಮ ತೊಂದರೆ ವೇಗದ್ದಾಗಿರಲಿಲ್ಲ.

ಗೆಳೆಯರ ಹೊಸ ಸರ್ವರ್‌ಗೆ ಹಾಕಿದಾಗ ಎಂಟೂ ಓಡಿದವು. ಆಗ ಕೂತು ಲೇಬಲ್ ಓದಿದೆ. ಕೊಳ್ಳುವ ಮೊದಲೇ ಓದಬೇಕಿತ್ತು ಅಲ್ವಾ? ಹಳೆಯದರ ಮೇಲೆ 2ಆರ್‌ಎಕ್ಸ್4, ಪಿಸಿ4-2400ಟಿ-ಆರ್ ಎಂದಿತ್ತು. ಹೊಸದರ ಮೇಲೆ 1ಆರ್‌ಎಕ್ಸ್4, ಪಿಸಿ4-3200ಎಎ-ಆರ್. ಕೊನೆಯ 'ಆರ್' ಎರಡರಲ್ಲೂ ಇದೆ, ಅಂದರೆ ಎರಡೂ ರಿಜಿಸ್ಟರ್ಡ್ ಮೆಮೊರಿ (ಪ್ರೊಸೆಸರ್‌ಗೂ ಮೆಮೊರಿ ಚಿಪ್‌ಗಳಿಗೂ ನಡುವೆ ರಿಜಿಸ್ಟರ್ ಎಂಬ ಚಿಪ್ ಇರುವಂಥದ್ದು). ಅಲ್ಲಿ 'ಇ' ಇದ್ದರೆ ಅನ್‌ಬಫರ್ಡ್ (ಆ ಚಿಪ್ ಇಲ್ಲದ) ಇಸಿಸಿ (ಮೆಮೊರಿಯಲ್ಲಿ ಆಗುವ ತಪ್ಪು ತಿದ್ದುವ ವ್ಯವಸ್ಥೆ), 'ಎಲ್' ಇದ್ದರೆ ಲೋಡ್ ರೆಡ್ಯೂಸ್ಡ್. ಈ ಮೂರು ಬಗೆಗಳನ್ನು ಒಂದರ ಜೊತೆ ಒಂದು ಬೆರೆಸುವಂತಿಲ್ಲ. ನನ್ನದು ಆ ಪರೀಕ್ಷೆ ಪಾಸಾಗಿತ್ತು.

ಸಿಕ್ಕಿಹಾಕಿಕೊಂಡದ್ದು ಲೇಬಲ್ ಶುರುವಿನ '1ಆರ್'ನಲ್ಲಿ, ಅಂದರೆ ಒಂದು ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು). ಒಂದೇ ರ‍್ಯಾಂಕ್‌ನಲ್ಲಿ 32 ಜಿಬಿ ತುಂಬಬೇಕಾದರೆ ಒಂದೊಂದು ಚಿಪ್ಪೂ 16 ಗಿಗಾಬಿಟ್ ಇರಬೇಕು. ಈ ಪೀಳಿಗೆಯ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್‌ಗೆ (ಮೆಮೊರಿಯನ್ನು ನಿಭಾಯಿಸುವ ಭಾಗ) ಗೊತ್ತಿರುವುದು 8 ಗಿಗಾಬಿಟ್ ಚಿಪ್‌ವರೆಗೆ ಮಾತ್ರ. ಅದೇ 32 ಜಿಬಿಯನ್ನು 8 ಗಿಗಾಬಿಟ್ ಚಿಪ್‌ಗಳಲ್ಲಿ ಕಟ್ಟಿದರೆ 2ಆರ್‌ಎಕ್ಸ್4 ಆಗುತ್ತದೆ. ಲೇಬಲ್ ಅಳಿಸಿಹೋಗಿದ್ದರೆ ಚಿಪ್ ಎಣಿಸಿ: ಇಸಿಸಿಯದ್ದೂ ಸೇರಿ 1ಆರ್‌ಎಕ್ಸ್4ರಲ್ಲಿ 18, 2ಆರ್‌ಎಕ್ಸ್4ರಲ್ಲಿ 36. ಬಯಾಸ್ (ಸರ್ವರ್ ಶುರುವಾಗುವಾಗ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಸರಿಹೋಗುವ ವಿಷಯ ಇದಲ್ಲ. ನಾನು ಮಾಡಿ ನೋಡಿ ಒಂದು ಸಂಜೆ ಕಳೆದೆ.

ವಾಪಸ್ ಕಳಿಸಿ, ಅದೇ ತಯಾರಿಕೆಯ 2ಆರ್‌ಎಕ್ಸ್4, 2400ರ ಸ್ಟಿಕ್ ತರಿಸಿದೆ. ಈ ಸಲ ಬೂಟ್ ಆಯಿತು. ಆದರೆ ಹಳೆಯ 128 ಸೇರಿ 384 ಜಿಬಿ ಬರಬೇಕಿದ್ದಲ್ಲಿ 352 ತೋರಿಸಿತು, ಒಂದು ಸ್ಟಿಕ್ ಲೆಕ್ಕಕ್ಕೇ ಇಲ್ಲ. ಅದನ್ನು ಪಕ್ಕದ ಚಾನೆಲ್‌ನ (ಪ್ರೊಸೆಸರ್‌ನಿಂದ ಮೆಮೊರಿಗೆ ಹೋಗುವ ದಾರಿ) ಸ್ಟಿಕ್ ಜೊತೆ ಅದಲುಬದಲು ಮಾಡಿದೆ. ದೋಷ ಸ್ಟಿಕ್ ಜೊತೆ ಹೋಗಲಿಲ್ಲ, ಸ್ಲಾಟ್‌ನಲ್ಲೇ ಉಳಿಯಿತು. ಸ್ಲಾಟ್ ಒಳಗೆ ಗಾಳಿ ಊದಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಆ ಪ್ರೊಸೆಸರ್‌ನ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಸ್ಕ್ರೂಗಳನ್ನು ಸಡಿಲಿಸಿ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. 384 ಬಂತು! ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಒತ್ತಡ ಒಂದು ಕಡೆ ವಾಲಿ ಸಾಕೆಟ್‌ನ ಒಂದು ಪಿನ್ ಸರಿಯಾಗಿ ತಾಕದಿದ್ದರೂ ಸ್ಲಾಟ್ ಮಾಯವಾಗಬಹುದು. ಹೊಸ ಸ್ಟಿಕ್‌ನದ್ದು ಇದರಲ್ಲಿ ಏನೂ ತಪ್ಪಿಲ್ಲ, ಸುಮ್ನೆ ಬೈದಿದ್ದೆ.

ಜೋಡಿಸಿದ ರೀತಿ ಹೀಗಿದೆ: ಪ್ರತಿ ಪ್ರೊಸೆಸರ್‌ಗೆ ನಾಲ್ಕು ಚಾನೆಲ್, ಪ್ರತಿ ಚಾನೆಲ್‌ನ ಮೊದಲ ಸ್ಲಾಟ್‌ಗೆ 32, ಎರಡನೆಯದಕ್ಕೆ 16. ಎರಡೂ ಕಡೆ ಒಂದೇ ಥರ. ಮೂರನೇ ಸ್ಲಾಟ್‌ಗಳು ಖಾಲಿ. ಅವನ್ನೂ ತುಂಬಿದರೆ ವೇಗ ಕೆಳಗಿಳಿಯುತ್ತದೆ. ಈಗ ಪೂರ್ತಿ 2400ರಲ್ಲೇ ಓಡುತ್ತಿದೆ. ಹಾರ್ಡ್‌ವೇರ್ ವಿವರ ತೋರಿಸುವ ಡಿಎಂಐಡೀಕೋಡ್ ಕಮಾಂಡ್‌ನಲ್ಲಿ ನೋಡುವಾಗ ಎರಡು ವೇಗ ಕಾಣುತ್ತವೆ. 'ಕಾನ್ಫಿಗರ್ಡ್' ಎಂದಿರುವುದೇ ನಿಜವಾಗಿ ಓಡುತ್ತಿರುವ ವೇಗ.

ಬೂಟ್ ಆಗುವಾಗ ಸರ್ವರ್ ಕಂಪನಿಯ ಒಂದು ಹಳದಿ ಎಚ್ಚರಿಕೆ ಬರುತ್ತದೆ, 'ನಮ್ಮ ಮೆಮೊರಿ ಅಲ್ಲ' ಎಂದು. ಅದಕ್ಕೆ ಕಿವಿಗೊಟ್ಟಿಲ್ಲ.

ಏಳನೇ ತಿಂಗಳಲ್ಲಿ ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆ) ಸರಿಪಡಿಸಬಲ್ಲ ಇಸಿಸಿ ದೋಷಗಳು ಶುರುವಾದವು. ದಿನಕ್ಕೆ ಒಂದೆರಡು, ಆಮೇಲೆ ಹತ್ತಾರು. ಒಂದು ಬಿಟ್ ತಪ್ಪಾದರೆ ಇಸಿಸಿ ತಾನೇ ತಿದ್ದುತ್ತದೆ, ಹಾಗಾಗಿ ಯಾವ ಮಷೀನೂ ನಿಲ್ಲಲಿಲ್ಲ. ಲಾಗ್ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮತ್ತೆ ಅದೇ ಅದಲುಬದಲು. ಈ ಸಲ ದೋಷ ಸ್ಟಿಕ್ ಜೊತೆಗೇ ಹೋಯಿತು. ಲಾಗ್ ಕಳಿಸಿದೆ, ತಕರಾರಿಲ್ಲದೆ ವಾರಂಟಿಯಲ್ಲಿ ಬದಲಿಸಿಕೊಟ್ಟರು. ಬಂದದ್ದನ್ನು ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್‌ನಲ್ಲಿ ಓಡಿಸಿಯೇ ಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ ಲಾಗ್ ಖಾಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಾರುವವರ ಪುಟದಲ್ಲಿ ಈಗಲೂ 'ಡಿಡಿಆರ್4 32 ಜಿಬಿ, ಸರ್ವರ್‌ಗೆ' ಎಂದಷ್ಟೇ ಇದೆ. ಆರ್ಡರ್ ಮಾಡುವ ಮೊದಲು ಲೇಬಲ್ ಫೋಟೋ ಕೇಳಿ, ಕಳಿಸುತ್ತಾರೆ.