ಮೂರು ವರ್ಷ, ಮೂರು ಹರ್ಲಿ: ಆಶ್ ಮರದ್ದೋ, ಬಿದಿರಿನದ್ದೋ?

ನಾನು ಐರ್ಲೆಂಡಿನ ಕಾರ್ಕ್‌ಗೆ ಕೆಲಸಕ್ಕೆ ಬಂದವನು. ಆಫೀಸಿನ ಗೆಳೆಯನೊಬ್ಬ ಇಲ್ಲಿನ ಕೋಲು-ಚೆಂಡಿನ ಆಟ ಹರ್ಲಿಂಗ್‌ಗೆ ಎಳೆದುಕೊಂಡು ಹೋದ, ಮೂರು ವರ್ಷದಿಂದ ವಾರಕ್ಕೆರಡು ಸಂಜೆ ಆಡುತ್ತಿದ್ದೇನೆ. ಇಷ್ಟರಲ್ಲಿ ಎರಡು ಹರ್ಲಿ, ಅಂದರೆ ಆಟದ ಕೋಲು, ಮುರಿದಿವೆ, ಮೂರನೆಯದು ನಡೆಯುತ್ತಿದೆ. ಕಳೆದುಹೋದ ಚೆಂಡುಗಳ ಲೆಕ್ಕ ಇಟ್ಟಿಲ್ಲ.

ಮೊದಲು ಕೆಟ್ಟಿದ್ದು ಅಳತೆ. ಕೋಲು ಉದ್ದ ಇದ್ದಷ್ಟೂ ಚೆಂಡು ದೂರ ಹೋಗುತ್ತದೆ ಅಂದುಕೊಂಡು 36 ಇಂಚಿನದು ತಂದೆ. ನನ್ನ ಎತ್ತರ ಐದು ಅಡಿ ಆರು ಇಂಚು. ಬಗ್ಗಿದರೆ ಹಿಡಿಯ ತುದಿ ಹೊಟ್ಟೆಗೆ ಚುಚ್ಚುತ್ತಿತ್ತು. ಈಗ 33 ಇಂಚಿನದು, ಆರಾಮ. ಈ ಆಟದಲ್ಲಿ ನೆಲದ ಮೇಲಿನ ಚೆಂಡನ್ನು ಕೈಯಿಂದ ನೇರ ಎತ್ತುವಂತಿಲ್ಲ, ಕೋಲಿನ ಅಗಲ ತುದಿ ಅಂದರೆ ಬಾಸ್ ಅನ್ನು ಅಡಿಗೆ ತೂರಿಸಿ ಚಿಮ್ಮಿಸಬೇಕು. ಚಿನ್ನಿದಾಂಡು ಆಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಚಿನ್ನಿ ಬಿದ್ದಲ್ಲೇ ಬಿದ್ದಿರುತ್ತದೆ, ಇಲ್ಲಿ ಚೆಂಡು ಉರುಳುತ್ತಲೇ ಇರುತ್ತದೆ, ಪಕ್ಕದಿಂದ ಒಬ್ಬ ಭುಜ ಕೊಟ್ಟು ನೂಕುತ್ತಲೂ ಇರುತ್ತಾನೆ.

ಮುರಿದ ಎರಡೂ ಆಶ್ ಮರದವು. ಒಳ್ಳೆ ಹರ್ಲಿಗೆ ಮರದ ಬುಡವೇ ಬೇಕು. ಕಾಂಡ ಬೇರಿನ ಕಡೆ ತಿರುಗುವಲ್ಲಿ ಮರದ ಎಳೆಯೂ ಬಾಗಿರುತ್ತದೆ, ಆ ಬಾಗು ಹಾಗೇ ಬಾಸ್‌ನೊಳಗೆ ಇಳಿದಿರಬೇಕು. ನನ್ನ ಮೊದಲನೆಯದರಲ್ಲಿ ಎಳೆಗಳು ನೆಟ್ಟಗೆ ಹೋಗಿ ಅಂಚಿನಲ್ಲಿ ಮುಗಿದಿದ್ದವು. ನನಗೆ ನೋಡಲು ಬರುತ್ತಿರಲಿಲ್ಲ, ಅಂಗಡಿಯವರೂ ಹೇಳಲಿಲ್ಲ. ಒಂಬತ್ತೇ ವಾರಕ್ಕೆ ಬಾಸ್ ಸುತ್ತಿನ ತಗಡಿನ ಪಟ್ಟಿಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು, ಮಾರನೇ ದಿನ ಎರಡು ಹೋಳು. ಎರಡನೆಯದಕ್ಕೆ ಅಗಸೆ ಎಣ್ಣೆ ಸವರಿ, ಹೀಟರ್ ಹತ್ತಿರ ಇಡದೆ ಜೋಪಾನ ಮಾಡಿದೆ, ಪೂರ್ತಿ ಒಂದೂವರೆ ವರ್ಷ ಬಂತು. ಅದು ಮುರಿದಿದ್ದು ಇನ್ನೊಬ್ಬನ ಕೋಲಿಗೆ ಬಡಿದು.

ಆಶ್‌ಗೆ ಈಗ ಶಿಲೀಂಧ್ರದ ಕಾಟ. 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ರೋಗ ಮರಗಳನ್ನು ಒಣಗಿಸುತ್ತಾ ಬಂದಿದೆ. ಅದಕ್ಕೇ ಈ ಸಲ ಬಿದಿರಿನ ಹರ್ಲಿ ತಗೊಂಡೆ. ಬಿದಿರಿನ ಕೋಲಿಗೆ ಐರ್ಲೆಂಡಿಗೇ ಹೋಗಬೇಕಿತ್ತಾ ಅಂತ ಅಮ್ಮ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ವರ್ಷ ದಾಟಿತು, ಒಂದು ಬಿರುಕಿಲ್ಲ. ಆದರೂ ಹೇಳಿಬಿಡುತ್ತೇನೆ, ಚೆಂಡು ತಾಗಿದಾಗ ಆಶ್ ಸ್ವಲ್ಪ ಬಳುಕುವುದು ಮಣಿಕಟ್ಟಿಗೆ ಗೊತ್ತಾಗುತ್ತಿತ್ತು, ಇದರಲ್ಲಿ ನನಗೆ ಅದು ಸಿಗುತ್ತಿಲ್ಲ. ಮುಂದಿನದು ಮತ್ತೆ ಆಶ್, ಎಳೆ ನೋಡಿಯೇ.

ಇನ್ನು ಚೆಂಡು, ಸ್ಲಿಟರ್. ಒಳಗೆ ಬಾಟಲಿ ಬಿರಡೆಯ ಥರದ ಕಾರ್ಕ್, ಮೇಲೆ ಚರ್ಮ, ಉಬ್ಬಿದ ಅಂಚುಗಳು. ತೂಕ 110ರಿಂದ 120 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಹಗುರ ಅಂತ ಸದರ ಬೇಡ. ಗೋಡೆಗೆ ಹೊಡೆದು ಅಭ್ಯಾಸ ಮಾಡಿದರೆ ಅಂಚು ಬೇಗ ಸವೆಯುತ್ತದೆ. ಇಲ್ಲಿನ ಮಳೆಯಲ್ಲಿ ನೆನೆದರಂತೂ ಸೋಪಿನ ಥರ ಜಾರುತ್ತದೆ, ಭಾರವೂ ಆಗುತ್ತದೆ. ಅಭ್ಯಾಸಕ್ಕೆ ಹಳೆಯದು, ಪಂದ್ಯಕ್ಕೆ ಹೊಸದು ಇಟ್ಟುಕೊಳ್ಳಿ. 2010ರಿಂದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ತಲೆ ಬಚಾವ್. ಬೆರಳಿಗೆ ಏನೂ ಇಲ್ಲ ಅಲ್ವಾ, ಹೋದ ನವೆಂಬರ್‌ನಲ್ಲಿ ಎರಡು ವಾರ ಎಡಗೈ ಒಂದರಲ್ಲೇ ಟೈಪ್ ಮಾಡಿದ್ದೇನೆ.