ಎರಕದ ಕೈಬ್ಲೋವರ್: ಗಾಳಿ ಧಾರಾಳ, ಜತೆಗೆ ಬರುವ ಪೈಪು ಬೇಡ

ಕಾಸರಗೋಡಿನ ತೋಟಗಳ ಕತ್ತಿ, ಪಿಕ್ಕಾಸು ತಟ್ಟುವಷ್ಟು ಕಾವಿಗೆ, ಕೈಯಿಂದ ತಿರುಗಿಸಿ ಕುಲುಮೆಗೆ ಗಾಳಿ ಊದುವ ಈ ಎರಕದ ಕಬ್ಬಿಣದ ಬ್ಲೋವರ್ ಸಾಕು. ಲಾರಿಯ ಹಳೆ ಬ್ರೇಕ್ ಡ್ರಮ್ಮಿನ ತಳಕ್ಕೆ ತೂತು ಕೊರೆದ ದಪ್ಪ ತಗಡು, ಅದರಡಿ 2 ಇಂಚಿನ ಕಪ್ಪು ಕಬ್ಬಿಣದ ಪೈಪು ಕೂರಿಸಿದರೆ ಕುಲುಮೆ ತಯಾರು. ಬ್ಲೋವರ್ ಜತೆಗೆ ಕೊಡುವ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಬೆಂಕಿಯ ಹತ್ತಿರ ತರಬೇಡಿ. ಸತುವಿನ ಲೇಪ ಸುಟ್ಟು ಏಳುವ ಬಿಳಿ ಹೊಗೆ ಜ್ವರ ಬರಿಸುತ್ತದೆ.

ದೊಡ್ಡ ಕೊರತೆ, ಗಾಳಿ ತಡೆಯುವ ಬಾಗಿಲಿಲ್ಲ. ಕಲ್ಲಿದ್ದಲು ಉರಿಸುತ್ತ ಕೈ ನಿಲ್ಲಿಸಿದರೆ ಪೂರ್ತಿ ಉರಿಯದ ಹಸಿ ಹೊಗೆ ಪೈಪಿಗಿಳಿಯುತ್ತದೆ. ಮತ್ತೆ ತಿರುಗಿಸಿದ ಕೂಡಲೇ ಢಂ! ಡ್ರಮ್ಮಿನಡಿ ಒಂದು ‘ಟೀ’ (ಕುಡಿಯುವುದಲ್ಲ, T ಆಕಾರದ ಪೈಪು ಜೋಡಣೆ) ಜೋಡಿಸಿ, ಕೆಳಬಾಯಿಗೆ ಸಡಿಲ ಮುಚ್ಚಳ ಇಡಿ. ಸಿಡಿದರೆ ಅದು ತೆರೆದುಕೊಳ್ಳುತ್ತದೆ, ಬೂದಿಯನ್ನೂ ಅಲ್ಲೇ ಇಳಿಸಬಹುದು.

ನಮ್ಮಲ್ಲಿ ಸುಲಭವಾಗಿ ಸಿಗುವ ತೆಂಗಿನ ಗೆರಟೆ ಇದ್ದಿಲಿಗೆ ಇದರ ಗಾಳಿ ಹೆಚ್ಚೇ. ಮೆಲ್ಲ ತಿರುಗಿಸಿ, ಇಲ್ಲವಾದರೆ ಕಿಡಿ ಹಾರುತ್ತದೆ, ಕಬ್ಬಿಣಕ್ಕೆ ಪೊರೆ ಕಟ್ಟುತ್ತದೆ. ತೂತಿನ ಮೇಲೆ 4 ಇಂಚು ಕೆಂಡವಿರಲಿ, ಕಬ್ಬಿಣ ಅದರ ಮೇಲೆ. ಕಲ್ಲಿದ್ದಲಾದರೆ ಆಗಾಗ ಕಿಟ್ಟ (ಕರಗಿ ಗಟ್ಟಿಯಾದ ಬೂದಿ) ಎತ್ತದಿದ್ದರೆ ತೂತು ಕಟ್ಟುತ್ತದೆ, ಬೈಗುಳ ಬ್ಲೋವರಿಗೆ.

ಹಿಡಿಕೆಯ ಸ್ಕ್ರೂ ಬೇಗ ಸಡಿಲವಾಗುತ್ತದೆ. ಆಟಿಯ ಮಳೆಗೆ ಮುಂಚೆ ಗೇರಿಗೆ ಎಣ್ಣೆ ಬಿಟ್ಟಿಡಿ.